ಸಣ್ಣಮ್ಮನ ಮುದ್ದೆ, ನನ್ನ ಮೈಕು

ಟೂರಿಸ್ಟ್ ಬಸ್ಸಿನಲ್ಲಿ ಗೈಡ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಈಚೆಗೆ ನನ್ನ ಮನೆ ಹುಡುಕಿಕೊಂಡು ಬಂದು, "ಸಾರ್, ಕರಾವಳಿ ರೂಟಿಗೆ ಏನೇನು ಓದ್ಕೋಬೇಕು?" ಎಂದು ಕೇಳುತ್ತಾರೆ. ಓದಿಕೊಳ್ಳಿ, ಬೇಡ ಅನ್ನುವುದಿಲ್ಲ. ನಾನೂ ಓದಿಕೊಂಡೇ ಬಂದವನು. ಮೈಸೂರಿನಲ್ಲಿ ಭೂಗೋಳದ ಎಂ.ಎ. ಮಾಡಿ, ಮೇಷ್ಟ್ರ ಕೆಲಸ ಸಿಗದೆ, ಹುಣಸೂರಿನ ಒಂದು ಖಾಸಗಿ ಟೂರ್ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವನು ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡೆ. ಆದರೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಮಾತಿದೆ. ಘಾಟಿಯ ತಿರುವು, ಪಂಕ್ಚರ್, ವಾಂತಿ ಮಾಡುವ ಪ್ಯಾಸೆಂಜರು ಇವನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಬಸ್ಸಿನ ಅಡುಗೆಯವರನ್ನು ಸಹಿಸಿಕೊಳ್ಳುವುದಿದೆಯಲ್ಲ, ಅದು ಕಷ್ಟ. ನನ್ನ ಸರ್ವಿಸ್ಸಿನ ಅರ್ಧ ಭಾಗವನ್ನು ನಾನು ಒಬ್ಬ ಅಡುಗೆಯ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಲೇ ಕಳೆದೆ. ಆಕೆಯ ಹೆಸರು ಸಣ್ಣಮ್ಮ, ಊರು ಮಿರ್ಲೆ.

ಮೊದಲು ಕೆಲಸ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ನಮ್ಮ ಸೀಸನ್ ಶುರುವಾಗುತ್ತಿದ್ದುದು ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದಾಗ. ಭತ್ತದ ಒಕ್ಕಣೆಯೂ ಆಗಿರುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಒಂದೊಂದು ಬಸ್ಸಿಗಾಗುವಷ್ಟು ಜನ ಸೇರಿಕೊಂಡು, "ಸಮುದ್ರ ನೋಡ್ಕಬರಾನ" ಎಂದು ಹೊರಡುತ್ತಿದ್ದರು. ಮೊದಲ ದಿನ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಸುಳ್ಯ, ಸುಬ್ರಹ್ಮಣ್ಯ, ಧರ್ಮಸ್ಥಳ. ಮಾರನೆಯ ದಿನ ಮಂಗಳೂರು, ಉಡುಪಿ, ಮಲ್ಪೆ. ಆಮೇಲೆ ಕುಂದಾಪುರ, ಮರವಂತೆ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ನಾಲ್ಕು ದಿನದಲ್ಲಿ ಕರಾವಳಿ ಪೂರ್ತಿ ತೋರಿಸಿ ತಂದು ಮನೆ ಬಾಗಿಲಿಗೆ ಇಳಿಸಬೇಕು.

ನನ್ನ ಹತ್ತಿರ ಮೂರು ನೋಟ್‌ಬುಕ್ಕು ತುಂಬ ಮಾಹಿತಿ ಇತ್ತು. ಘಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡಿರುವ ಈ ಸಣ್ಣ ಪಟ್ಟಿ ಹೇಗಾಯಿತು, ಅಲ್ಲಿನ ಜಂಬಿಟ್ಟಿಗೆ ಕಲ್ಲು ಯಾಕೆ ಕೆಂಪು, ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಮರಳು ಯಾಕೆ ದಿಬ್ಬ ಕಟ್ಟುತ್ತದೆ, ಬಾರ್ಕೂರು ಬಸರೂರಿನಂಥ ಹಳೇ ಬಂದರುಗಳಿಂದ ಅಕ್ಕಿ, ಮೆಣಸು ಎಲ್ಲಿಗೆ ಹೋಗುತ್ತಿತ್ತು, ಅದೇ ಮೆಣಸಿಗಾಗಿ ಪೋರ್ಚುಗೀಸರು ಬಂದು ಯಾವ್ಯಾವ ರಾಣಿಯರ ಹತ್ತಿರ ಏಟು ತಿಂದರು, ಎಲ್ಲ ಬರೆದುಕೊಂಡಿದ್ದೆ. ಮೊದಲ ಟ್ರಿಪ್ಪಿನಲ್ಲಿ ಮರವಂತೆ ಬಂತು. ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ನೋಡಿದವರ ಎದೆ ಝಲ್ಲೆನ್ನಬೇಕು, ಅಂಥ ಜಾಗ. ನಾನು ಎದ್ದು ನಿಂತು, ಕಡಲಿನ ಇಷ್ಟು ಹತ್ತಿರ ಬಂದ ಹೊಳೆ ಅದನ್ನು ಸೇರದೆ ಯಾಕೆ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ ಎಂದು ವಿವರಿಸತೊಡಗಿದೆ. ಹಿಂದಿನ ಸೀಟಿನಿಂದ ಹಾರನಹಳ್ಳಿಯ ಅಜ್ಜನೊಬ್ಬ ಕೈ ಎತ್ತಿದ. ಪ್ರಶ್ನೆ ಬಂತಲ್ಲ ಎಂದು ಖುಷಿಯಾಗಿ, "ಕೇಳಿ ಯಜಮಾನ್ರೆ" ಅಂದೆ.

"ಅದೆಲ್ಲ ಸರಿ ಕಣ್ರೀ ಸ್ವಾಮಿ. ಉಚ್ಚೆ ಉಯ್ಯಕ್ಕೆ ಎಲ್ಲಿ ನಿಲ್ಲಿಸ್ತೀರಿ?"

ಬಸ್ಸೆಲ್ಲ ನಕ್ಕಿತು. ವಾಪಸು ಬಂದ ಮೇಲೆ ನಮ್ಮ ಮಾಲೀಕರು, ಅವರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು, ನನ್ನನ್ನು ಕರೆದು ಕೂರಿಸಿ ಬುದ್ಧಿ ಹೇಳಿದರು. "ನೋಡಿ ಸ್ವಾಮಿ, ಜನಕ್ಕೆ ಮೂರೇ ಮೂರು ಹೇಳಿ. ಎಲ್ಲಿ ಇಳೀಬೇಕು, ಎಷ್ಟೊತ್ತಿಗೆ ಹತ್ಬೇಕು, ಚಪ್ಪಲಿ ಎಲ್ಲಿ ಬುಡ್ಬೇಕು. ಮಿಕ್ಕಿದ್ದ ನಿಮ್ ಹೆಂಡ್ತಿಗೆ ಹೇಳ್ಕಳಿ." ಹೊಸಬರು ಈ ಮಾತನ್ನು ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಂಡೆ, ಆದರೆ ಪಾಲಿಸಲಿಲ್ಲ.

ಪಾಲಿಸದೆ ಇದ್ದದ್ದಕ್ಕೂ ಕಾರಣವಿತ್ತು. ಒಮ್ಮೆ ಎನ್. ಬೇಗೂರಿನ ರೈತರೊಬ್ಬರು ಮಲ್ಪೆಯ ಮರಳಿನಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಅವರು ಕಬಿನಿ ಹಿನ್ನೀರಿನ ಕಡೆಯವರು, ನೀರು ಹೊಸದಲ್ಲ. "ಆಚೆ ದಡ ಕಾಣಕ್ಕಿಲ್ವಲ್ಲ, ಮಂಜು ಬಿದ್ದದೇನೋ" ಅಂದರು. ಆಚೆ ದಡ ಅರಬ್ಬರ ದೇಶ ಯಜಮಾನ್ರೆ, ಅಲ್ಲಿಂದಲೇ ಈ ಬಂದರುಗಳಿಗೆ ಕುದುರೆ ಬರುತ್ತಿತ್ತು ಅಂದೆ. ಅವರು ನನ್ನ ಮುಖ ನೋಡಿದರು, ಮತ್ತೆ ನೀರು ನೋಡಿದರು, ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆ ಒಂದು ಗಳಿಗೆಗಾಗಿ ನಾನು ಈ ಕೆಲಸದಲ್ಲಿ ಉಳಿದೆ ಅಂದರೆ ಸುಳ್ಳಲ್ಲ. ಒಬ್ಬ ಮನುಷ್ಯ ನನ್ನ ಮಾತು ಕೇಳಿ ಬೇರೆಯ ಥರ ನೋಡಿದ್ದ.

ಅಷ್ಟರಲ್ಲಿ ಸಣ್ಣಮ್ಮ ಬಂದಳು.

ಬರಲೇಬೇಕಾಗಿತ್ತು. ನಮ್ಮ ಕಡೆಯ ಜನಕ್ಕೆ ಕರಾವಳಿಯ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ದೇವಸ್ಥಾನದ ಊಟ ಒಂದು ಹೊತ್ತು ಚೆಂದ, ಎರಡನೇ ದಿನಕ್ಕೆ "ಇಟ್ಟು ಸಿಕ್ತದಾ?" ಎಂದು ಶುರು. ರಾಗಿಮುದ್ದೆ ಇಲ್ಲದೆ ಮೂರನೇ ದಿನಕ್ಕೆ ಜಗಳ. ಸಾವ್ಕಾರ್ರು ಬಸ್ಸಿನ ಡಿಕ್ಕಿಯಲ್ಲಿ ಗ್ಯಾಸ್ ಒಲೆ, ತಪ್ಪಲೆ, ರಾಗಿಹಿಟ್ಟಿನ ಮೂಟೆ ತುಂಬಿಸಿ, ಮಿರ್ಲೆಯಲ್ಲಿ ಮದುವೆ ಮನೆಗಳಿಗೆ ಅಡುಗೆ ಮಾಡುತ್ತಿದ್ದ ಸಣ್ಣಮ್ಮನನ್ನು ಕರೆತಂದರು. ಗಟ್ಟಿ ಆಳು. ನಲವತ್ತು ಜನರ ಹಿಟ್ಟನ್ನು ಒಂದೇ ಉಸಿರಿಗೆ ತಿರುವಿ, ಮುದ್ದೆ ಕಟ್ಟಿ, ಹಲಗೆಯ ಮೇಲೆ ಸಾಲಾಗಿ ಕೂರಿಸಿಬಿಡುತ್ತಿದ್ದಳು. ಹುರುಳಿ ಬಸ್ಸಾರಿನ ವಾಸನೆಗೆ ದಾರಿಯಲ್ಲಿ ಹೋಗುವ ಮಂಗಳೂರಿನವರೂ ಸ್ಕೂಟರ್ ನಿಲ್ಲಿಸುತ್ತಿದ್ದರು.

ನನಗೂ ಮೊದಲು ಖುಷಿಯೇ ಆಯಿತು, ನಾನೂ ಮುದ್ದೆ ತಿನ್ನುವವನೇ ತಾನೆ. ಎರಡನೇ ಟ್ರಿಪ್ಪಿನಿಂದ ಶುರುವಾಯಿತು ನೋಡಿ. ಇಳಿಯುವಾಗ ನಲವತ್ತು ಜನವೂ ಆಯಮ್ಮನ ಕೈ ಹಿಡಿದುಕೊಂಡು, "ಬರ್ತೀವಿ ಕಣಕ್ಕ, ನಮ್ಮೂರ್ಗೆ ಬಾ" ಅನ್ನುವುದು. ನನಗೆ? "ಬತ್ತೀವಿ ಸ್ವಾಮಿ." ಅಷ್ಟೆ. ಬಳೆ ಕೊಟ್ಟರು, ಸೀರೆ ಕೊಟ್ಟರು, ಮಗಳ ಮದುವೆಗೆ ಕರೆದರು. ಗೋಕರ್ಣದಲ್ಲಿ ಗ್ರೂಪ್ ಫೋಟೋ ತೆಗೆಯುವಾಗ ಆಯಮ್ಮ ನಡುವೆ, ನಾನು ಫೋಟೋ ತೆಗೆಯುವವನು. ಜನಕ್ಕೆ ಎರಡು ಸಾವಿರ ವರ್ಷದ ಇತಿಹಾಸ ಹೇಳಿದವನಿಗಿಂತ ಒಂದು ಮುದ್ದೆ ಕೊಟ್ಟವಳು ಹೆಚ್ಚಾದಳೇ ಎಂದು ನನಗೆ ಉರಿದು ಹೋಗುತ್ತಿತ್ತು.

ಊಟದಲ್ಲಿ ಗೆದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಒಂದು ದಿನ ಪಾತ್ರೆ ತೊಳೆಯುತ್ತ ನನ್ನನ್ನು ಕೇಳಿದಳು: "ಮೇಷ್ಟ್ರೆ, ಹೊಳೆ ನೀರೆಲ್ಲ ಸಿಹಿ, ಇದ್ಯಾಕೆ ಇಂಗೆ ಉಪ್ಪು?" ನಾನು ಮೇಷ್ಟ್ರಲ್ಲ, ಆದರೂ ಹಾಗೇ ಕರೆಯುತ್ತಿದ್ದಳು. ಕೇಳುವವರು ಸಿಕ್ಕಿದ್ದೇ ಭಾಗ್ಯ ಎಂದು ಬಂಡೆ ಸವೆಯುವುದು, ಲವಣ ಕರಗುವುದು, ನೀರು ಆವಿಯಾಗುವುದು, ಅರ್ಧ ಗಂಟೆ ಪಾಠ ಮಾಡಿದೆ. ಮಾರನೇ ಮಧ್ಯಾಹ್ನ ಸಾರು ಬಡಿಸುತ್ತ ಅದನ್ನೇ ಜನಕ್ಕೆ ಹೇಳುತ್ತಿದ್ದಾಳೆ!

"ಸಾರು ಒಲೆ ಮ್ಯಾಲೆ ಮರ್ತುಬುಟ್ರೆ ಏನಾಯ್ತದೆ? ನೀರು ಬತ್ತದೆ, ಉಪ್ಪು ಬತ್ತದಾ? ಬಾಯಿಗಿಡಕ್ಕಾಗದಂಗೆ ಉಪ್ಪಾಯ್ತದೆ. ಇದೂ ಅಂಗೇ ಕಣ್ರವ್ವ. ಹೊಳೆಗಳು ನೆಲದಾಗಿನ ಉಪ್ಪ ತೊಳ್ಕಂಬಂದು ಸುರೀತವೆ, ಸೂರ್ಯಪ್ಪ ನೀರ ಮಾತ್ರ ಕುಡ್ಕಂಡು ಓಯ್ತಾನೆ. ನಮ್ ಲಕ್ಷ್ಮಣತೀರ್ಥದ ಉಪ್ಪೂ ಇಲ್ಲೇ ಅದೆ."

ಜನ ಕೈಯಲ್ಲಿ ಮುದ್ದೆ ಹಿಡಿದುಕೊಂಡು ಬಾಯಿ ಬಿಟ್ಟು ಕೇಳುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ತಪ್ಪು! ಲಕ್ಷ್ಮಣತೀರ್ಥ ಕಾವೇರಿ ಸೇರಿ ಪೂರ್ವಕ್ಕೆ ಹೋಗುತ್ತದೆ, ಬಂಗಾಳ ಕೊಲ್ಲಿಗೆ. ಈ ಕಡಲಿಗೂ ಅದಕ್ಕೂ ಸಂಬಂಧ ಇಲ್ಲ" ಅಂದೆ. ಒಬ್ಬ ಹೆಂಗಸು, "ಕೂತ್ಕಳಿ ಸ್ವಾಮಿ, ಆಯಮ್ಮ ಕತೆ ಏಳ್ತಾವ್ಳೆ" ಎಂದು ನನ್ನನ್ನೇ ಗದರಿಸಿದಳು. ನಾನು ಹೇಳಿದ್ದು ಸರಿ, ಈಗಲೂ ಸರಿ. ಆದರೂ ಕೂತೆ.

ಕಾಲ ಬದಲಾಯಿತು. ಬಸ್ಸಿಗೆ ಮೈಕು, ಸ್ಪೀಕರು ಬಂತು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಮೈಕು ಬಂದಾಗ ನನಗೆ ಸಿಂಹಾಸನ ಸಿಕ್ಕಿದಷ್ಟು ಖುಷಿ. ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಬ್ಯಾಗಿನಲ್ಲೇ ಇಟ್ಟುಕೊಳ್ಳುತ್ತಿದ್ದೆ, ಡ್ರೈವರ್ ರಾಚಪ್ಪನಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಮೊಬೈಲ್ ಬಂದಾಗ ಮಾತ್ರ ಎಡವಟ್ಟಾಯಿತು. ಸಣ್ಣಮ್ಮ ಉಪ್ಪಿನ ಕತೆ ಹೇಳುವುದನ್ನು ಯಾರೋ ವಿಡಿಯೋ ಮಾಡಿ ಕಳಿಸಿ, ಅದು ವಾಟ್ಸಾಪಿನಲ್ಲಿ ಊರೂರು ಸುತ್ತಿ, ಕೊನೆಗೆ ಸಾವ್ಕಾರ್ರ ಫೋನಿಗೂ ಬಂತು. ಬುಕ್ ಮಾಡಲು ಬಂದವರು, "ಉಪ್ಪಿನ ಸಣ್ಣಮ್ಮ ಬತ್ತಾಳಾ?" ಎಂದು ಕೇಳತೊಡಗಿದರು.

ಸಾವ್ಕಾರ್ರು ಒಂದು ದಿನ ನನ್ನನ್ನು ಕರೆದರು. "ಬೇಜಾರು ಮಾಡ್ಕಬ್ಯಾಡಿ ಸ್ವಾಮಿ. ಮುಂದಿನ ಸೀಸನ್ನಿಂದ ಸಣ್ಣಮ್ಮನ್ ಕೈಗೆ ಮೈಕ್ ಕೊಡಾನ ಅಂತಿದೀನಿ. ಅಡಿಗೆಗೆ ಬೇರೆಯೋರ್ನ ನೋಡ್ತೀನಿ. ನೀವು ಆಫೀಸಲ್ಲಿ ಕೂತು ಸೀಟ್ ಬುಕಿಂಗ್ ನೋಡ್ಕಳಿ, ನೆಳ್ಳಲ್ಲಿ ಇರ್ತೀರಿ. ಈಗಿನ ಟ್ರಿಪ್ ಒಂದು ಮುಗೀಲಿ, ಜನ ಏನಂತಾರೆ ನೋಡಿ ತೀರ್ಮಾನ ಮಾಡ್ತೀನಿ."

ಸಂಬಳ ಕಡಿಮೆ ಆಗುತ್ತಿರಲಿಲ್ಲ, ಅದಲ್ಲ. ಕಡಲು ತೋರಿಸುವ ಕೆಲಸ ಕೈಬಿಟ್ಟರೆ ನಾನು ಯಾರು? ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕುರ್ಚಿಯ ಮೇಲೆ ಕೂತ ಮುದುಕ. ಈ ಒಂದು ಟ್ರಿಪ್ಪಿನಲ್ಲಿ ಜನ ನನ್ನ ಮಾತೇ ಕೇಳಬೇಕು, ಹಾಗೆ ಮಾಡಿ ತೋರಿಸುತ್ತೇನೆ ಎಂದು ಹಟ ತೊಟ್ಟೆ.

ಆ ಟ್ರಿಪ್ಪಿನಲ್ಲಿ ಇದ್ದವರು ಹೆಚ್ಚಾಗಿ ಹಾರನಹಳ್ಳಿ ಕಡೆಯವರು. ಅವರಲ್ಲಿ ರಾಜಮ್ಮ ಎಂಬ ಗಟ್ಟಿಗಿತ್ತಿಯೇ ಎಲ್ಲರನ್ನೂ ಸೇರಿಸಿ ಹೊರಡಿಸಿದ್ದು. ಮೂರನೆಯ ದಿನ ಮರವಂತೆ ದಾಟಿ, ಜನಸಂದಣಿ ಇಲ್ಲದ ಒಂದು ಕಡಲತೀರದಲ್ಲಿ ಬಸ್ಸು ನಿಲ್ಲಿಸಿದೆವು. ದಂಡೆಯ ಮೇಲೆ ಗಾಳಿಮರದ ತೋಪು, ಒಳ್ಳೆಯ ನೆರಳು. ಸಣ್ಣಮ್ಮ ಯಾವಾಗಲೂ ಒಲೆ ಹೂಡುತ್ತಿದ್ದುದು ಅಂಥ ಕಡೆಯೇ. ನನ್ನ ಯೋಚನೆ ಬೇರೆ. ಜನರನ್ನು ನೆರಳಿನಲ್ಲಿ ಕೂರಿಸಿ ನಾನು ಕಡಲಿನ ಪಾಠ ಮಾಡಬೇಕು. ಪಕ್ಕದಲ್ಲೇ ಬಸ್ಸಾರು ಕುದಿಯುತ್ತಿದ್ದರೆ ಒಬ್ಬರಾದರೂ ನನ್ನ ಕಡೆ ತಿರುಗುತ್ತಾರೆಯೇ? ಆಕೆಯನ್ನು ದೂರ ಕಳಿಸಬೇಕಿತ್ತು.

"ಸಣ್ಣಮ್ಮ, ಇಲ್ಲಿ ಬೇಡ. ಅಲ್ಲಿ ಇಡಿ ಒಲೆ" ಎಂದು ನೀರಿನ ಕಡೆಗೆ ಕೈ ತೋರಿಸಿದೆ. ಕಡಲು ಹಿಂದಕ್ಕೆ ಸರಿದಿತ್ತು, ಗಟ್ಟಿಯಾದ ಚಪ್ಪಟೆ ಮರಳು ಅಂಗಳದಂತೆ ಹರಡಿತ್ತು.

ಆಯಮ್ಮ ಬಗ್ಗಿ ಮರಳು ಮುಟ್ಟಿ ನೋಡಿದಳು. "ಹಸಿ ಅದಲ್ಲ ಮೇಷ್ಟ್ರೆ."

"ಗಟ್ಟಿ ಇದೆ, ಒಲೆ ಅಲ್ಲಾಡೋಲ್ಲ. ಧೂಳೂ ಬರಲ್ಲ. ನಾನು ಈ ಸಮುದ್ರ ನಿನ್ನೆ ಮೊನ್ನೆ ನೋಡಿದವನಲ್ಲ ಕಣ್ರಮ್ಮ, ಇಡಿ."

"ನೀವು ಓದ್ಕಂಡಿರೋರು, ನೀವೇ ಏಳಿದ ಮ್ಯಾಲೆ ಆಯ್ತು ಬುಡಿ" ಎಂದು ರಾಚಪ್ಪನ ಕೈಲಿ ಸಿಲಿಂಡರು ಹೊರಿಸಿಕೊಂಡು ಹೋದಳು.

ಇದನ್ನು ಓದುತ್ತಿರುವ ಕರಾವಳಿಯ ಮಗುವೂ ಈಗ ನಗುತ್ತಿರಬೇಕು. ನಮ್ಮ ಕಡೆ ಕೆರೆ ಇದೆ, ಹೊಳೆ ಇದೆ, ನಾಲೆ ಇದೆ. ಬೆಳಿಗ್ಗೆ ಇದ್ದಲ್ಲೇ ಸಂಜೆಗೂ ಇರುವ ನೀರನ್ನು ನೋಡಿ ಬೆಳೆದ ಕಣ್ಣು ನನ್ನದು. ಪುಸ್ತಕದಲ್ಲಿ ಓದಿದ್ದು ತಲೆಯಲ್ಲಿತ್ತು, ಕಾಲಿಗೆ ಇಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಹೊಟ್ಟೆಕಿಚ್ಚು ಕವಿದಿತ್ತು.

ಅಂದು ನಾನು ಆರಿಸಿಕೊಂಡ ವಿಷಯ, ಹೇಳಿದರೆ ನಂಬುವುದಿಲ್ಲ, ಉಬ್ಬರ ಮತ್ತು ಇಳಿತ. ಚಂದ್ರ ಕಡಲನ್ನು ಹೇಗೆ ಎಳೆಯುತ್ತಾನೆ, ನೀರು ದಿನಕ್ಕೆ ಎರಡು ಸಲ ಹೇಗೆ ಏರುತ್ತದೆ, ಹಿಂದಿನ ಕಾಲದ ಹಡಗುಗಳು ಉಬ್ಬರಕ್ಕೆ ಕಾದು ಹೇಗೆ ಅಳಿವೆಯೊಳಗೆ ನುಗ್ಗುತ್ತಿದ್ದವು, ಒಂದೊಂದೇ ಬಿಡಿಸಿ ಹೇಳಿದೆ. ಗಂಟೆ ಮೇಲಾಯಿತು. ನಡುವೆ ಒಮ್ಮೆ ಸಣ್ಣಮ್ಮ ಅಲ್ಲಿಂದಲೇ, "ಮೇಷ್ಟ್ರೇ, ನೀರು ಹತ್ರ ಬಂದಂಗದೆ!" ಎಂದು ಕೂಗಿದಳು. ನಾನು ತಿರುಗಿಯೂ ನೋಡದೆ, ಸುಮ್ಮನಿರಿ ಎಂದು ಕೈ ಬೀಸಿದೆ.

ಆಮೇಲೆ ಒಂದು ವಿಚಿತ್ರವಾಯಿತು. ಜನ ಒಬ್ಬೊಬ್ಬರಾಗಿ ನೆಟ್ಟಗೆ ಕೂತರು. ಮಾತು ನಿಂತಿತು. ನಲವತ್ತು ಜನರ ಕಣ್ಣೂ ಅರಳಿ ನನ್ನ ಕಡೆಗೇ ನೆಟ್ಟಿತು. ರಾಜಮ್ಮನ ಬಾಯಿ ತೆರೆದೇ ಇತ್ತು. ಕೊನೆಗೂ ಗೆದ್ದೆನಪ್ಪ ಎಂದುಕೊಂಡೆ. ದನಿ ಏರಿಸಿ, "ಹೀಗೆ ನೀರು ಸದ್ದಿಲ್ಲದೆ ಮೇಲೇರುತ್ತದೆ!" ಅಂದೆ.

"ಏರದೆ ಏನು, ಏರ್ತು ಕಣ್ರೀ! ಮುದ್ದೆ ಓಯ್ತು, ಮುದ್ದೆ!" ಎಂದು ರಾಜಮ್ಮ ಕಿರುಚಿದರು.

ತಿರುಗಿ ನೋಡಿದೆ. ದೊಡ್ಡ ಅಲೆಯೊಂದು ಬಂದು ಅಡುಗೆಯನ್ನೆಲ್ಲ ಬಳಿದುಕೊಂಡಿತ್ತು. ಸಾಲಾಗಿ ಕೂತಿದ್ದ ಮುದ್ದೆಗಳು ಹಲಗೆ ಸಮೇತ ಅರಬ್ಬರ ದೇಶಕ್ಕೆ ಹೊರಟಿದ್ದವು. ರಾಚಪ್ಪ ಸಿಲಿಂಡರನ್ನು ಎಳೆಯುತ್ತಿದ್ದ. ಸಣ್ಣಮ್ಮ ಮಗುಚುತ್ತಿದ್ದ ಸಾರಿನ ತಪ್ಪಲೆ ಹಿಡಿಯಲು ಹೋಗಿ ಜಾರಿ ಬಿದ್ದಳು, ಕುದಿಯುವ ಸಾರು ಎಡಗಾಲಿನ ಮೇಲೆ ಚೆಲ್ಲಿತು. ಎತ್ತಿ ತಂದು ತೋಪಿನಲ್ಲಿ ಕೂರಿಸುವ ಹೊತ್ತಿಗೆ ಪಾದವೆಲ್ಲ ಬೊಬ್ಬೆ. ಆಕೆ ಅಳಲಿಲ್ಲ. "ಜನ ಹಸ್ಕಂಡವ್ರೆ ಮೇಷ್ಟ್ರೆ, ಏನಾರ ನೋಡಿ" ಅಂದಳು. ನಾನು ಮುಖ ಎತ್ತಲಾರದೆ, ಒಂದು ಆಟೋ ಹಿಡಿದು ಊಟ, ಮುಲಾಮು ತರಲು ಹೋದೆ. ಬರುವಾಗ ಗಂಟೆ ಕಳೆದಿತ್ತು. ಜನ ಬೈಯುತ್ತಾರೆಂದು ಹೆದರಿ ಇಳಿದೆ. ಯಾರೂ ಬೈಯಲಿಲ್ಲ. ಹಸಿವಿಗೆ ಸುಸ್ತಾಗಿದ್ದಾರೆ ಅಂದುಕೊಂಡೆ.

ಹುಣಸೂರಿಗೆ ಬಂದು ಇಳಿದಾಗ ಸಾವ್ಕಾರ್ರು ಸಣ್ಣಮ್ಮನ ಕಾಲು ನೋಡಿ ಬೆಂಕಿಯಾದರು. "ನೀರ ಪಕ್ಕ ಒಲೆ ಇಡ್ಸಿದೋನು ಯಾರ್ಲಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಸಣ್ಣಮ್ಮ, "ನಾನೇಯಾ ಸಾವ್ಕಾರ್ರೆ. ಮರಳು ಗಟ್ಟಿ ಅದೆ ಅಂತ ಇಟ್ಟೆ. ಮೇಷ್ಟ್ರು ಬ್ಯಾಡ ಅಂದ್ರು, ನಾನೇ ಕೇಳ್ನಿಲ್ಲ" ಅಂದಳು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಹೌದು, ಮುಚ್ಚಿಕೊಂಡೆ.

"ಒಲೆ ಎಲ್ಲಿಡ್ಬೇಕು ಅಂತ ಗೊತ್ತಿಲ್ದೋಳ ಕೈಗೆ ಮೈಕ್ ಬೇರೆ ಕೊಡಕ್ಕೋಗಿದ್ನಲ್ಲ! ಬುಡಿ ಸ್ವಾಮಿ, ಮೈಕ್ ನಿಮ್ಮತ್ರನೇ ಇರ್ಲಿ" ಎಂದು ಸಾವ್ಕಾರ್ರು ಒಳಗೆ ಹೋದರು.

ರಿಟೈರ್ ಆಗುವವರೆಗೆ ಇನ್ನೂ ಆರು ವರ್ಷ ಮೈಕು ನನ್ನ ಕೈಯಲ್ಲೇ ಇತ್ತು. ಕಾಲು ವಾಸಿಯಾಗಿ ಸಣ್ಣಮ್ಮನೂ ವಾಪಸು ಬಂದು, ಗಾಳಿಮರದ ನೆರಳಿನಲ್ಲಿ ಮುದ್ದೆ ತಿರುವುತ್ತಲೇ ಇದ್ದಳು. ಆ ದಿನದ ಮಾತು ಒಂದು ಸಲವೂ ಎತ್ತಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ತಪ್ಪು ಮಾಡಿದವನು ನಾನು, ಅದನ್ನು ಹೊತ್ತುಕೊಂಡು ದೊಡ್ಡವಳಾದವಳು ಆಕೆ. ಒಳ್ಳೆಯತನದಲ್ಲೂ ನನಗೊಂದು ಜಾಗ ಬಿಡಲಿಲ್ಲವಲ್ಲ ಎಂದು ಒಳಗೊಳಗೇ ಬೇಯುತ್ತಿದ್ದೆ. ಒಂದೇ ಸಮಾಧಾನವೆಂದರೆ, ನಿಜ ಗೊತ್ತಿರುವುದು ನಮ್ಮಿಬ್ಬರಿಗೆ, ಬಹಳ ಅಂದರೆ ರಾಚಪ್ಪನಿಗೆ. ಜನರ ಕಣ್ಣಲ್ಲಿ ಬೇಡ ಅಂದ ಜಾಣ ಮೇಷ್ಟ್ರು ನಾನೇ.

ಮೊನ್ನೆ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಹಾರನಹಳ್ಳಿಯ ರಾಜಮ್ಮ ಸಿಕ್ಕಿದರು. ಪಿರಿಯಾಪಟ್ಟಣದ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಸಣ್ಣಮ್ಮನನ್ನು ವಿಚಾರಿಸಿದರು, ನನ್ನನ್ನಲ್ಲ. ನನಗೆ ಏನಾಯಿತೋ, ಇಷ್ಟು ವರ್ಷ ನುಂಗಿದ್ದನ್ನು ಕಕ್ಕಿಬಿಟ್ಟೆ. "ರಾಜಮ್ಮೋರೆ, ಅವತ್ತು ನೀರ ಹತ್ರ ಒಲೆ ಇಡಿಸಿದ್ದು ಸಣ್ಣಮ್ಮ ಅಲ್ಲ. ನಾನು."

ರಾಜಮ್ಮ ನಗತೊಡಗಿದರು. "ಅಯ್ಯ ಬುಡಿ ಮೇಷ್ಟ್ರೆ, ನಾವೇನು ಕಣ್ಣು ಕಾಣ್ದೋರಾ? ನೀವು ಕೈ ತೋರ್ಸಿದ್ದ ಬಸ್ಸೋರೆಲ್ಲ ನೋಡಿದ್ವಿ."

"ಮತ್ತೆ ಯಾರೂ ಹೇಳಲಿಲ್ಲ? ಮೊಬೈಲಲ್ಲಿ ವಿಡಿಯೋ..."

"ತಗ್ದಿದ್ವಿ. ನೀವು ಊಟ ತರಕ್ಕೆ ಓದ್ರಲ್ಲ, ಆವಾಗ ಸಣ್ಣಮ್ಮ ಕೈಮುಗ್ದು ಏಳಿದ್ಲು. 'ಎಲ್ಲಾ ಅಳಿಸಿಬುಡ್ರವ್ವ, ಸಾವ್ಕಾರ್ರಿಗೆ ತಿಳುದ್ರೆ ಮೇಷ್ಟ್ರನ್ನ ಬಸ್ಸಿಂದ ಇಳಿಸ್ತಾರೆ. ನಂಗೇನು, ಒಲೆ ಅದೆ. ಆವಯ್ಯಂಗೆ ಮೈಕ್ ಬುಟ್ರೆ ಏನದೆ? ಯಾರ್ ಕೇಳಿದ್ರೂ ನಾನೇ ಇಟ್ಟೆ ಅನ್ನಿ' ಅಂದ್ಲು. ಅಳಿಸಿದ್ವಿ. ಇವತ್ತಿನ್ಗಂಟ ನಮ್ಮೆಜಮಾನ್ರು ಕೂಡ ಊರಲ್ಲಿ ಒಬ್ರಿಗೂ ಬಾಯ್ಬುಟ್ಟಿಲ್ಲ."

ಬಸ್ಸು ಬಂತು, ರಾಜಮ್ಮ ಹತ್ತಿ ಹೋದರು. ನಾನು ಅಲ್ಲೇ ಕೂತಿದ್ದೆ. ನಾಚಿಕೆಯಾಗಬೇಕಿತ್ತು, ಆಯಿತು. ಕಣ್ಣಲ್ಲಿ ನೀರೂ ಬಂತು. ಆದರೆ ನಿಮಗೆ ಸುಳ್ಳು ಯಾಕೆ ಹೇಳಲಿ, ಅವೆರಡಕ್ಕಿಂತ ಮೊದಲು ಬಂದದ್ದು ಅದೇ ಹಳೆಯ ಉರಿ. ಇಷ್ಟು ವರ್ಷ ಕೈಯಲ್ಲಿ ಮೈಕು ಹಿಡಿದು, ದಮ್ಮಯ್ಯ ಎರಡು ನಿಮಿಷ ಸುಮ್ಮನಿರಿ ಎಂದು ಗಂಟಲು ಹರಿದುಕೊಂಡರೂ ನನಗೆ ಒಂದು ಬಸ್ಸಿನ ಬಾಯಿ ಮುಚ್ಚಿಸಲಾಗಲಿಲ್ಲ. ಆಯಮ್ಮ ಬೆಂದ ಕಾಲು ಚಾಚಿ ಮರಳ ಮೇಲೆ ಕೂತು, ಮೈಕಿಲ್ಲದೆ, ಒಂದೇ ಒಂದು ಸಲ ಹೇಳಿದಳು. ನಲವತ್ತು ಜನ ಇಷ್ಟು ವರ್ಷ ತುಟಿ ಬಿಚ್ಚಲಿಲ್ಲ.